ತಪ್ಪು ಹೆಸರಿನದಲ್ಲ, ಪುಟದ್ದು

ಮಂಗಳೂರಿನಲ್ಲಾಗಲಿ ಮುಂಬೈಯಲ್ಲಾಗಲಿ, ಡಿಸೋಜ, ಡಿಮೆಲ್ಲೊ, ಡಿಕುನ್ಹ ಎಂಬ ಹೆಸರಿನವರಿಗೆ ಈ ಕಿರಿಕಿರಿ ಹೊಸದಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಡಿ ಅಕ್ಷರದ ಪಕ್ಕ ಬರುವ ಅಪಾಸ್ಟ್ರಫಿಯನ್ನು ಎಷ್ಟೋ ಆನ್‌ಲೈನ್ ಫಾರ್ಮುಗಳು ಒಪ್ಪುವುದಿಲ್ಲ. ‘ವಿಶೇಷ ಚಿಹ್ನೆಗಳನ್ನು ಬಳಸಬೇಡಿ’ ಎಂದು ಕೆಂಪಕ್ಷರದಲ್ಲಿ ಗದರಿಸುತ್ತವೆ. ಒಂದು ದಾಖಲೆಯಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಮತ್ತೊಂದು. ಎರಡೂ ಒಬ್ಬರದೇ ಎಂದು ಸಾಬೀತುಮಾಡಲು ಅಫಿಡವಿಟ್ ಬೇರೆ.

ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು ಜಾವಾ ವೆಬ್ ಅಪ್ಲಿಕೇಶನ್‌ಗಳಲ್ಲಿ ಇಂದಿಗೂ ಉಳಿದಿರುವ ಕೆಟ್ಟ ಅಭ್ಯಾಸ. ಜೆಎಸ್‌ಪಿ ಪುಟವೊಂದರಲ್ಲಿ ಸದಸ್ಯರ ಪಟ್ಟಿಯಿದೆ, ಪ್ರತಿ ಸಾಲಿನ ಕೊನೆಗೆ ‘ಅಳಿಸು’ ಎಂಬ ಬಟನ್ ಇದೆ ಎಂದುಕೊಳ್ಳಿ. ಒತ್ತಿದಾಗ ಯಾವ ಸದಸ್ಯ ಎಂಬುದು ಜಾವಾಸ್ಕ್ರಿಪ್ಟ್ ಫಂಕ್ಷನ್ನಿಗೆ ತಿಳಿಯಬೇಕು. ಸೋಮಾರಿ ದಾರಿ ಇದು: ಆನ್‌ಕ್ಲಿಕ್‌ನಲ್ಲಿ ಫಂಕ್ಷನ್ನಿನ ಹೆಸರು ಬರೆದು, ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಜಾಗ ಬಿಟ್ಟು, ಅಲ್ಲಿಗೆ ಸದಸ್ಯನ ಹೆಸರನ್ನು ಸರ್ವರ್ ತುಂಬುವಂತೆ ಮಾಡುವುದು. ರಮೇಶ್ ಬಂದರೆ ಸರಿ. ಡಿಸೋಜ ಬಂದರೆ ಹೆಸರಿನೊಳಗಿನ ಚಿಹ್ನೆಯನ್ನೇ ಬ್ರೌಸರ್ ಉದ್ಧರಣೆಯ ಕೊನೆ ಎಂದು ತಿಳಿಯುತ್ತದೆ. ಬಟನ್ ಸತ್ತುಹೋಗುತ್ತದೆ.

ಬಟನ್ ಸತ್ತರೆ ಅದು ಅದೃಷ್ಟ. ಯಾರಾದರೂ ಹೆಸರಿನ ಜಾಗದಲ್ಲಿ ಬೇಕೆಂದೇ ಆ ಚಿಹ್ನೆ ಹಾಕಿ, ಮುಂದೆ ತನ್ನದೊಂದು ಆಜ್ಞೆ ಸೇರಿಸಿದರೆ? ಅಧಿಕಾರಿ ಬಟನ್ ಒತ್ತಿದ ಕೂಡಲೇ ಅದು ಅವರ ಬ್ರೌಸರ್‌ನಲ್ಲಿ, ಅವರ ಅಧಿಕಾರದಲ್ಲೇ ನಡೆಯುತ್ತದೆ. ಕ್ರಾಸ್ ಸೈಟ್ ಸ್ಕ್ರಿಪ್ಟಿಂಗ್ ಎನ್ನುವುದು ಇದಕ್ಕೇ.

ಕನ್ನಡ ಮಾತಾಡುವವರಿಗೆ ಈ ತಪ್ಪು ಬೇಗ ಅರ್ಥವಾಗಬೇಕು. ‘ಹೊರಗೆ ಹೋಗು ಅಂತ ಅಪ್ಪ ಅಂದರು’ ಎಂದು ಕೇಳಿದವರು ಯಾರೂ ಎದ್ದು ಹೊರಗೆ ಹೋಗುವುದಿಲ್ಲ. ಅದು ವರದಿ, ತಮಗೆ ಕೊಟ್ಟ ಆಜ್ಞೆಯಲ್ಲ ಎಂದು ‘ಅಂತ’ ಹೇಳಿಬಿಡುತ್ತದೆ. ಆನ್‌ಕ್ಲಿಕ್‌ನಲ್ಲಿ ಆ ಕೆಲಸವನ್ನು ಒಂದು ಚಿಕ್ಕ ಚಿಹ್ನೆಗೆ ವಹಿಸಲಾಗಿದೆ. ಆ ಚಿಹ್ನೆ ವರದಿಯ ಒಳಗಿನಿಂದಲೇ ಬರಬಹುದು ಎಂಬುದನ್ನು ಮರೆಯಲಾಗಿದೆ.

‘ಎಸ್ಕೇಪ್ ಮಾಡಿದರಾಯಿತಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಜೆಎಸ್‌ಟಿಎಲ್‌ನ ಎಸ್ಕೇಪ್‌ಎಕ್ಸ್‌ಎಂಎಲ್ ಆ ಚಿಹ್ನೆಯನ್ನು ಸಂಕೇತವಾಗಿ ಬದಲಿಸುವುದು ನಿಜ. ಆದರೆ ಬ್ರೌಸರ್ ಮೊದಲು ಎಚ್‌ಟಿಎಂಎಲ್ ಸಂಕೇತ ಬಿಚ್ಚಿ, ಆಮೇಲೆ ಆನ್‌ಕ್ಲಿಕ್‌ನ ಪಠ್ಯವನ್ನು ಜಾವಾಸ್ಕ್ರಿಪ್ಟಿಗೆ ಕೊಡುತ್ತದೆ. ಗೇಟಿನಲ್ಲಿ ಕಸಿದ ಚಾಕುವನ್ನು ಒಳಬಾಗಿಲಲ್ಲಿ ವಾಪಸು ಕೊಟ್ಟ ಹಾಗಾಯಿತು. ಇನ್ನು ಚಿಹ್ನೆಯನ್ನೇ ನಿಷೇಧಿಸುವವರಿದ್ದಾರೆ. ಹೆಸರಿನಲ್ಲಿ ನಿಷೇಧಿಸಬಹುದು. ವಿಳಾಸದಲ್ಲಿ, ಷರಾದಲ್ಲಿ, ದೂರಿನ ವಿವರದಲ್ಲಿ ಎಷ್ಟೆಂದು ನಿಷೇಧಿಸುವುದು?

ಸರಿಯಾದ ದಾರಿ ಕಷ್ಟದ್ದೇನಲ್ಲ. ಮೌಲ್ಯವನ್ನು ಬಟನ್ನಿನ ಡೇಟಾ ಆಟ್ರಿಬ್ಯೂಟಿನಲ್ಲಿ ಎಸ್ಕೇಪ್ ಮಾಡಿ ಇಡಬೇಕು. ಬೇರೆ ಕಡತದಲ್ಲಿರುವ ಈವೆಂಟ್ ಹ್ಯಾಂಡ್ಲರ್, ಕ್ಲಿಕ್ ಆದಾಗ ಅದನ್ನು ಅಲ್ಲಿಂದ ಓದಬೇಕು. ಆಗ ಹೆಸರು ಹೆಸರಾಗಿಯೇ ಉಳಿಯುತ್ತದೆ, ಕೋಡ್ ಆಗುವುದಿಲ್ಲ. ಥೈಮ್‌ಲೀಫ್ 2018ರ 3.0.10 ಆವೃತ್ತಿಯಿಂದ ಆನ್‌ಕ್ಲಿಕ್‌ನಂಥ ಆಟ್ರಿಬ್ಯೂಟುಗಳ ಎಕ್ಸ್‌ಪ್ರೆಶನ್‌ಗಳಲ್ಲಿ ಸಂಖ್ಯೆ ಮತ್ತು ಬೂಲಿಯನ್ ಬಿಟ್ಟು ಪಠ್ಯವನ್ನು ನೇರವಾಗಿ ಒಪ್ಪುವುದನ್ನೇ ನಿಲ್ಲಿಸಿತು. ಅದನ್ನು ತೊಂದರೆ ಎಂದುಕೊಂಡು ಸುತ್ತುದಾರಿ ಹುಡುಕುವವರು, ಬಾಗಿಲಿಗೆ ಚಿಲಕ ಯಾಕೆ ಬಿತ್ತು ಎಂದು ಕೇಳಿಕೊಳ್ಳಬೇಕು.

‘ಹೆಸರು ಬೇಡ, ಐಡಿ ಸಂಖ್ಯೆ ಮಾತ್ರ ಕಳಿಸುತ್ತೇವೆ’ ಎನ್ನುವವರ ಮಾತಿನಲ್ಲಿ ಹುರುಳಿದೆ. ಆದರೆ ಪುಟದಲ್ಲಿರುವ 41ನ್ನು 42 ಮಾಡಲು ಬಳಕೆದಾರರಿಗೆ ಒಂದು ನಿಮಿಷ ಸಾಕು. ಈ ವ್ಯಕ್ತಿಗೆ 42ನೇ ದಾಖಲೆಯನ್ನು ಅಳಿಸುವ ಹಕ್ಕಿದೆಯೇ ಎಂದು ಸರ್ವರ್ ಪ್ರತಿ ಸಲವೂ ನೋಡಲೇಬೇಕು.

ತಲೆಮಾರುಗಳಿಂದ ಬಂದ ಹೆಸರಿನಲ್ಲಿ ತಪ್ಪಿಲ್ಲ. ಅದನ್ನು ತಿದ್ದಿಕೊಂಡು ಬನ್ನಿ ಎಂದು ಜನರನ್ನು ನೋಟರಿಯ ಬಾಗಿಲಿಗೆ ಅಟ್ಟುವ ಮೊದಲು, ತಮ್ಮ ಪುಟದ ಆ ಒಂದು ಸಾಲನ್ನು ತಿದ್ದುವುದು ಪ್ರೋಗ್ರಾಮರ್‌ಗಳ ಕೆಲಸ.