ಹೆಸರೂ ದುಡಿಮೆಯ ಗಳಿಕೆಯೇ

ಗಿರಣಿ ಕೆಲಸ ಹೋದವನೊಬ್ಬ ಮನೆಯವರೊಡನೆ ಚಟ್ನಿಪುಡಿ ಮಾಡಿ ಮಾರಲು ತೊಡಗುತ್ತಾನೆ. ತೂಕದಲ್ಲಿ, ರುಚಿಯಲ್ಲಿ ಮೋಸ ಮಾಡದೆ ಹತ್ತು ವರ್ಷ ದುಡಿದು ಪೊಟ್ಟಣದ ಮೇಲಿನ ಹೆಸರಿಗೆ ಬೆಲೆ ತರುತ್ತಾನೆ. ಆಗ ಹಣವಂತನೊಬ್ಬ ಅದೇ ಹೆಸರನ್ನು ನೋಂದಾಯಿಸಿಕೊಂಡು ಇವನಿಗೇ ವಕೀಲರ ನೋಟೀಸು ಕೊಡಿಸುತ್ತಾನೆ. ಹೆದರಿ ಬೋರ್ಡು ಇಳಿಸಬೇಕೆ? ಕೂಡದು.

1999ರ ಟ್ರೇಡ್ ಮಾರ್ಕ್ ಕಾಯಿದೆಯ 34ನೆಯ ಕಲಮನ್ನು ನೋಡಿ. ಎದುರಾಳಿಯ ಬಳಕೆಗೂ ನೋಂದಣಿಗೂ ಮೊದಲಿನಿಂದ ಸತತವಾಗಿ ಹೆಸರನ್ನು ಬಳಸುತ್ತ ಬಂದವನನ್ನು ನೋಂದಣಿದಾರನೂ ತಡೆಯುವಂತಿಲ್ಲ. ಆದರೆ ಕೋರ್ಟು ಕೇಳುವುದು ಪುರಾವೆಯನ್ನು. ಹಳೆಯ ಬಿಲ್ಲು, ಅಚ್ಚುಕೂಟದ ರಸೀದಿ, ಪೊಟ್ಟಣದ ಲೇಬಲ್ಲು, ಇವನ್ನು ರದ್ದಿಗೆ ಹಾಕಬೇಡಿ. ಅಂಗಡಿಯ ಲೈಸೆನ್ಸಾಗಲಿ ಜಿ.ಎಸ್.ಟಿ. ನಂಬರಾಗಲಿ ಹೆಸರಿನ ಒಡೆತನ ಕೊಡುವುದಿಲ್ಲ.

ನಾವೇ ಮೊದಲು ನೋಂದಾಯಿಸುವುದು ಇನ್ನೂ ಲೇಸು. ಹಕ್ಕು 10 ವರ್ಷ ಇರುತ್ತದೆ. ಮತ್ತೆ ಮತ್ತೆ ನವೀಕರಿಸಬಹುದು. 2017ರ ನಿಯಮಗಳು ಒಂದು ವರ್ಗದ ಸರಕಿನ ಆನ್‌ಲೈನ್ ಅರ್ಜಿಗೆ ಸಣ್ಣ ವ್ಯಾಪಾರಿಗೆ 4,500 ರೂಪಾಯಿ, ದೊಡ್ಡ ಕಂಪನಿಗೆ 9,000 ರೂಪಾಯಿ ಶುಲ್ಕ ಇಟ್ಟಿವೆ. ಇದೇನು ಸಮಾನತೆ? ಕೋಟ್ಯಧೀಶನಿಗೆ 9,000 ಒಂದು ಹೊತ್ತಿನ ಔತಣದ ಖರ್ಚು. ಪುಡಿ ಮಾರುವವನಿಗೆ 4,500 ಎಂದರೆ ಮನೆಯ ತಿಂಗಳ ಅಕ್ಕಿ ಬೇಳೆ. ಮೇಲಾಗಿ, ಕರ್ನಾಟಕದ ಅರ್ಜಿಗಳ ಕಚೇರಿ ಇರುವುದು ಚೆನ್ನೈಯಲ್ಲಿ.

ಜಿಲ್ಲೆ ಜಿಲ್ಲೆಯಲ್ಲಿ ಕನ್ನಡದಲ್ಲೇ ತಿಳಿಸಿ, ಅರ್ಜಿಯನ್ನು ಉಚಿತವಾಗಿ ತುಂಬಿಕೊಡುವ ವ್ಯವಸ್ಥೆ ಆಗಬೇಕು. ಸಣ್ಣವರ ಶುಲ್ಕ ಇಳಿಯಬೇಕು. ವರ್ತಕರ ಸಂಘ, ಕಾರ್ಮಿಕ ಸಂಘಗಳು ಒಂದಾಗಿ ಇದನ್ನು ಕೇಳಲಿ. ಬೆವರಿನಿಂದ ಬಂದ ಹೆಸರು ಹಣದ ಪಾಲಾಗಕೂಡದು.