ಗೆರೆಯ ಒಳಗೆಷ್ಟು, ಹೊರಗೆಷ್ಟು?

ತಳಿಯ ಮನೆಗಳು ನಿಂತಲ್ಲಿಯೇ ನಿಂತಿವೆ. ಆದರೂ ಅವು 1965ರವರೆಗೆ ಸೇಲಂ ಜಿಲ್ಲೆಗೆ ಸೇರಿದ್ದವು, ಅನಂತರ ಧರ್ಮಪುರಿಗೆ ಸೇರಿದವು, 2004ರಿಂದ ಕೃಷ್ಣಗಿರಿ ಜಿಲ್ಲೆಯಲ್ಲಿವೆ. ಬದಲಾದುದು ಸುತ್ತಲಿನ ಗೆರೆ ಮಾತ್ರ. ಗೆರೆ ಸರಿದಾಗ ಅದರೊಳಗಿನ ಲೆಕ್ಕವೂ ಸರಿಯುತ್ತದೆ. ಇದನ್ನು ಪ್ರೌಢಶಾಲೆಯ ಮಕ್ಕಳು ಗಣಕಯಂತ್ರದ ಮುಂದೆ ಕುಳಿತು ತಾವೇ ಪರೀಕ್ಷಿಸಿ ನೋಡಬಹುದು.

ಒಂದು ನಕ್ಷೆಯಲ್ಲಿ ಮನೆಗೊಂದು ಚುಕ್ಕಿ ಇದೆಯೆಂದು ಇಟ್ಟುಕೊಳ್ಳಬಹುದು. ಶಾಲೆಯಿಂದ ಪೂರ್ವ-ಪಶ್ಚಿಮಕ್ಕಿರುವ ದೂರ ಅಡ್ಡ ಅಕ್ಷದಲ್ಲಿ, ಉತ್ತರ-ದಕ್ಷಿಣಕ್ಕಿರುವ ದೂರ ಲಂಬ ಅಕ್ಷದಲ್ಲಿ. ಮನೆಮಾತು ಕನ್ನಡವಾದರೆ ಚುಕ್ಕಿ ಕೆಂಪು, ಬೇರೆಯಾದರೆ ನೀಲಿ. ಇಂಥ ನಕ್ಷೆಗಳನ್ನು ಬರೆಯಲು ಪೈಥಾನ್ ಭಾಷೆಯಲ್ಲಿ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಉಚಿತ ಸಾಧನವಿದೆ. ಅಪಸ್ಮಾರ ರೋಗಿಗಳ ಮಿದುಳಿನ ವಿದ್ಯುತ್ ಸಂಕೇತಗಳನ್ನು ಅಭ್ಯಸಿಸುತ್ತಿದ್ದ ಅಮೆರಿಕದ ಜಾನ್ ಹಂಟರ್ ಅದನ್ನು ರಚಿಸಿ 2003ರಲ್ಲಿ ಹೊರತಂದರು.

ಅದರಲ್ಲಿ ನೋಡುವವನೇ ನಕ್ಷೆಯ ಒಂದು ಭಾಗವನ್ನು ಆರಿಸಿಕೊಳ್ಳುವ ಏರ್ಪಾಡಿದೆ. ಮೌಸನ್ನು ಒತ್ತಿದ ಜಾಗ ಆಯತದ ಒಂದು ಮೂಲೆ. ಎಳೆದು ಬಿಟ್ಟ ಜಾಗ ಎದುರು ಮೂಲೆ. ಪ್ರತಿ ಚುಕ್ಕಿಯೂ ಎಡ ಅಂಚಿನ ಬಲಕ್ಕೆ, ಬಲ ಅಂಚಿನ ಎಡಕ್ಕೆ, ಕೆಳ ಅಂಚಿನ ಮೇಲಕ್ಕೆ, ಮೇಲಂಚಿನ ಕೆಳಕ್ಕೆ ಇದೆಯೇ ಎಂಬ ನಾಲ್ಕು ಹೋಲಿಕೆಗಳಲ್ಲಿ ಕೆಲಸ ಮುಗಿಯುತ್ತದೆ. ಊರಿನ ಎಲ್ಲೆಯಂತೆ ಅಂಕುಡೊಂಕಾದ ಗೆರೆಯನ್ನು ಕೈಯಿಂದ ಸುತ್ತಲು ಲಾಸೊ ಎಂಬ ವಿಧಾನವಿದೆ. ಆಗಿನ ಪರೀಕ್ಷೆಗೆ ಒಂದು ಹಳೆಯ ಉಪಾಯ ಸಾಕು: ಚುಕ್ಕಿಯಿಂದ ಒಂದೇ ದಿಕ್ಕಿಗೆ ನೇರ ರೇಖೆಯೆಳೆದು, ಅದು ಎಲ್ಲೆಯನ್ನು ಎಷ್ಟು ಬಾರಿ ದಾಟುತ್ತದೆಂದು ಎಣಿಸುವುದು. ಬೆಸ ಸಂಖ್ಯೆ ಬಂದರೆ ಚುಕ್ಕಿ ಒಳಗೆ, ಸಮ ಸಂಖ್ಯೆ ಬಂದರೆ ಹೊರಗೆ. ಇದನ್ನು ಗ್ರಾಫ್ ಹಾಳೆಯಲ್ಲಿಯೂ ಮಾಡಿ ನೋಡಬಹುದು.

ಈಗ ಉದಾಹರಣೆಗಾಗಿ, ಒಂದು ಹಳ್ಳಿಯ 100 ಮನೆಗಳಲ್ಲಿ 40 ಕೆಂಪು ಚುಕ್ಕಿಗಳಿರಲಿ. ಆ ಹಳ್ಳಿಯನ್ನಷ್ಟೇ ಸುತ್ತಿದರೆ ಉತ್ತರ 40 ಪ್ರತಿಶತ. ನೆರೆಯೂರುಗಳನ್ನೂ ಸೇರಿಸಿ 1000 ಮನೆಗಳನ್ನು ಸುತ್ತಿದಾಗ ಕೆಂಪು ಚುಕ್ಕಿಗಳು ಒಟ್ಟು 90 ಆದರೆ, ಉತ್ತರ 9 ಪ್ರತಿಶತ. ಎರಡೂ ಲೆಕ್ಕಗಳು ಸರಿ. ಪ್ರಶ್ನೆ ಮಾತ್ರ ಬೇರೆ.

ಗಡಿನಾಡಿನ ಕುಟುಂಬಗಳಿಗೆ ಇದು ಬರಿಯ ಗಣಿತವಲ್ಲ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ರಾಷ್ಟ್ರೀಯ ಯೋಜನೆಯಂತೆ, ಜಿಲ್ಲೆಯಲ್ಲಾಗಲಿ ತಾಲ್ಲೂಕು, ಪುರಸಭೆಯಂಥ ಕೆಳಗಿನ ಘಟಕದಲ್ಲಾಗಲಿ ಒಂದು ಭಾಷೆಯವರು 15 ಪ್ರತಿಶತ ಅಥವಾ ಹೆಚ್ಚು ಇದ್ದರೆ, ಮುಖ್ಯ ನಿಯಮಗಳೂ ಪ್ರಕಟಣೆಗಳೂ ಆ ಭಾಷೆಯಲ್ಲಿಯೂ ಹೊರಡಬೇಕು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಯ ಅಳತೆ ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳು. ಈ ಬೋಧನೆಯ ಸೌಲಭ್ಯವನ್ನು ಸಂವಿಧಾನದ 350ಎ ವಿಧಿಯೂ 1956ರಿಂದ ರಾಜ್ಯಗಳ ಮುಂದಿಟ್ಟಿದೆ. ಪ್ರತಿ ಅಂಕಿಯ ಜೊತೆಗೂ ಎಣಿಸಬೇಕಾದ ಘಟಕವನ್ನು ಹೇಳಿರುವುದು ಗಮನಾರ್ಹ. ಉತ್ತರ ನೋಡಿದ ಮೇಲೆ ಗೆರೆ ಎಳೆಯುವ ಅವಕಾಶವನ್ನು ಅರ್ಜಿದಾರನಿಗೂ ಕೊಡಬಾರದು, ಅಧಿಕಾರಿಗೂ ಕೊಡಬಾರದು.

ಆದುದರಿಂದ ಇಂಥ ಕ್ರಮವಿಧಿಯನ್ನು ಬರೆಯುವ ವಿದ್ಯಾರ್ಥಿ ಚುಕ್ಕಿಗಳ ಸಂಖ್ಯೆಯನ್ನಷ್ಟೇ ತೋರಿಸಿ ನಿಲ್ಲಬಾರದು. ಸುತ್ತಿದ ಗೆರೆಯ ಬಿಂದುಗಳನ್ನೂ ಗಣಕಯಂತ್ರವು ಬಲ್ಲದು. ಅವುಗಳನ್ನೂ ದಿನಾಂಕದೊಡನೆ ಕಡತದಲ್ಲಿ ಉಳಿಸಬೇಕು. ಆಗ ಮತ್ತೊಬ್ಬನು ಅದೇ ಗೆರೆ ಎಳೆದು ಅದೇ ಉತ್ತರ ಬರುವುದೇ ಎಂದು ಪರಿಶೀಲಿಸಬಹುದು. ಹಾಗೆಯೇ, ಕನ್ನಡ ಮಕ್ಕಳ ಸಂಖ್ಯೆ ಸಾಲದೆಂಬ ಉತ್ತರ ಕೈಸೇರಿದ ಪಾಲಕರು ಮೊದಲು ಕೇಳಬೇಕಾದುದು ಇಷ್ಟೇ: ಎಣಿಸಿದ್ದು ಯಾವ ಗೆರೆಯೊಳಗೆ?