ಇಬ್ಬರು ಮನುಷ್ಯರು, ಎರಡು ಕುರ್ಚಿ, ಒಂದು ಸೇತುವೆ

ಅರ್ಧ ಬಕೆಟ್ ನೀರನ್ನು ಒಂದು ಕೈಯಲ್ಲಿ ಹಿಡಿದು, ಆ ಕೈಯನ್ನು ಪಕ್ಕಕ್ಕೆ ನೇರವಾಗಿ ಚಾಚಿ ಎಷ್ಟು ಹೊತ್ತು ಕೂರಬಹುದು? ಸ್ವಲ್ಪ ಹೊತ್ತಿಗೇ ಭುಜ ಸೋತುಹೋಗುತ್ತದೆ. ಕುರ್ಚಿಯ ಬುಡಕ್ಕೆ ಒಂದು ಗಟ್ಟಿ ಕೋಲಿನ ತುದಿಯನ್ನು ಆನಿಸಿ, ಇನ್ನೊಂದು ತುದಿಯನ್ನು ಅದೇ ಮುಷ್ಟಿಯಲ್ಲಿ ಹಿಡಿದು ನೋಡಿ. ಭಾರ ಎಷ್ಟೋ ಹಗುರವೆನಿಸುತ್ತದೆ. ಈಗ ಕೈ ಎಳೆತವನ್ನಷ್ಟೇ ತಡೆಯುತ್ತಿದೆ, ಒತ್ತಡವನ್ನು ಕೋಲು ಹೊತ್ತಿದೆ.

ಇಷ್ಟು ಸಣ್ಣ ವಿಷಯವನ್ನಿಟ್ಟುಕೊಂಡು, ಸೇತುವೆಯೆಂದರೆ ಬೆದರುತ್ತಿದ್ದ ಜನರಿಗೆ ತನ್ನ ಸೇತುವೆಯನ್ನು ಅರ್ಥ ಮಾಡಿಸಿದವನು ಬ್ರಿಟನ್ನಿನ ಎಂಜಿನಿಯರ್ ಬೆಂಜಮಿನ್ ಬೇಕರ್.

ಜನ ಬೆದರಿದ್ದಕ್ಕೆ ಕಾರಣವಿತ್ತು. 1879ರ ಡಿಸೆಂಬರ್ 28ರ ರಾತ್ರಿ ಸ್ಕಾಟ್ಲೆಂಡಿನ ಟೇ ನದಿಯ ಅಳಿವೆಯ ಮೇಲಿದ್ದ ರೈಲು ಸೇತುವೆ, ರೈಲು ದಾಟುತ್ತಿದ್ದಾಗಲೇ ಬಿರುಗಾಳಿಗೆ ಸಿಕ್ಕಿ ಕುಸಿಯಿತು. ರೈಲಿನಲ್ಲಿದ್ದವರು ಒಬ್ಬರೂ ಉಳಿಯಲಿಲ್ಲ. ಸೇತುವೆ ಬಳಕೆಗೆ ಬಂದು ಎರಡು ವರ್ಷವೂ ಆಗಿರಲಿಲ್ಲ. ಅದರ ಎಂಜಿನಿಯರ್ ಥಾಮಸ್ ಬೌಚ್, ದಕ್ಷಿಣದ ಫೋರ್ತ್ ಅಳಿವೆಗೂ ಒಂದು ತೂಗುಸೇತುವೆಯ ನಕ್ಷೆ ಮಾಡಿದ್ದ. ಆ ಯೋಜನೆಯನ್ನು ಕೈಬಿಟ್ಟು ಹೊಸ ಸೇತುವೆಯ ಹೊಣೆಯನ್ನು ಜಾನ್ ಫೌಲರ್ ಮತ್ತು ಬೇಕರ್‌ಗೆ ಒಪ್ಪಿಸಲಾಯಿತು.

ಇವರದು ಕ್ಯಾಂಟಿಲಿವರ್ ಸೇತುವೆ. ಅಂದರೆ, ಕಿಟಕಿಯ ಮೇಲಿನ ಸಜ್ಜಾದಂತೆ ಒಂದೇ ಕಡೆ ಆಧಾರವಿದ್ದು ಮುಂದಕ್ಕೆ ಚಾಚಿಕೊಂಡ ತೋಳುಗಳು. ನಕ್ಷೆಯನ್ನು ನೋಡಿದ ಸಾಮಾನ್ಯ ಮನುಷ್ಯನಿಗೆ ಅದು ಬರೀ ಉಕ್ಕಿನ ಸಿಕ್ಕು. ಪ್ರತಿ ಚದರ ಅಡಿಗೆ 56 ಪೌಂಡ್ ಗಾಳಿಯ ಒತ್ತಡವನ್ನು ಲೆಕ್ಕಕ್ಕೆ ಹಿಡಿದಿದ್ದೇವೆ ಎಂದರೆ ಅವನಿಗೆ ಏನು ಧೈರ್ಯ ಬಂದೀತು?

1887ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಉಪನ್ಯಾಸಕ್ಕಾಗಿ ಬೇಕರ್ ಒಂದು ಜೀವಂತ ಮಾದರಿಯನ್ನು ಸಿದ್ಧಪಡಿಸಿದ. ಇಬ್ಬರು ಎರಡು ಕುರ್ಚಿಗಳಲ್ಲಿ ಕುಳಿತು ಕೈಗಳನ್ನು ಎರಡೂ ಕಡೆಗೆ ಚಾಚಿದರು. ಪ್ರತಿ ಕೈಗೂ ಕುರ್ಚಿಗೆ ಆನಿಸಿದ ಒಂದೊಂದು ಕೋಲು. ಹೊರಗಿನ ಕೈಗಳಿಂದ ಹಗ್ಗ ಇಳಿಬಿಟ್ಟು ಇಟ್ಟಿಗೆಯ ರಾಶಿಗೆ ಕಟ್ಟಲಾಗಿತ್ತು. ಒಳಗಿನ ಎರಡು ಕೈಗಳ ನಡುವೆ ತೂಗುಬಿಟ್ಟ ಪುಟ್ಟ ಆಸನದ ಮೇಲೆ ಮೂರನೆಯವನು ಆರಾಮವಾಗಿ ಕುಳಿತಿದ್ದ. ಆ ಫೋಟೋ ಇಂದಿಗೂ ಉಳಿದಿದೆ. ಮೂವರ ಮುಖದಲ್ಲೂ ಶ್ರಮದ ಗುರುತೇ ಕಾಣುವುದಿಲ್ಲ!

ಈಗ ಇದನ್ನೇ ಹಿಗ್ಗಿಸಬೇಕು. ಕುರ್ಚಿಗಳ ನಡುವಿನ ಅಂತರ ಮೈಲಿಯ ಮೂರನೇ ಒಂದು ಭಾಗ. ಕುಳಿತವರ ತಲೆ ನೀರಿನಿಂದ ಮುನ್ನೂರು ಅಡಿಗೂ ಮೇಲೆ. ಕೋಲಿನ ಜಾಗದಲ್ಲಿ 12 ಅಡಿ ವ್ಯಾಸದ ಉಕ್ಕಿನ ಕೊಳವೆ. ಒಂದೊಂದು ತೋಳು 680 ಅಡಿ, ನಡುವಿನ ಆಸನ 350 ಅಡಿ, ಕೂಡಿಸಿದರೆ 1,710 ಅಡಿಯ ಕಮಾನು. ಸಭಿಕರು ಲೆಕ್ಕ ಕಲಿಯಬೇಕಾಗಿರಲಿಲ್ಲ. ಅವರ ಸ್ವಂತ ಭುಜಗಳೇ ಸಾಕ್ಷಿ ಹೇಳುತ್ತಿದ್ದವು.

ಈಚಿನ ದಿನಗಳಲ್ಲಿ ಮೇಲ್ಸೇತುವೆಯೋ ಮೆಟ್ರೋವೋ ಬರುವ ಮುನ್ನ ಪತ್ರಿಕೆಗಳಲ್ಲಿ ಕಂಪ್ಯೂಟರ್ ಬರೆದ ಚಿತ್ರ ಬರುತ್ತದೆ. ನೀಲಿ ಆಕಾಶ, ಹಸಿರು ಮರ, ಬೆರಳೆಣಿಕೆಯ ಕಾರುಗಳು. ಕಟ್ಟಡ ಹೇಗೆ ಕಾಣುತ್ತದೆಂಬುದು ಅದರಲ್ಲಿದೆ. ಭಾರ ಎಲ್ಲಿಗೆ ಇಳಿಯುತ್ತದೆ, ನೆರಳು ಯಾರ ಮನೆಯ ಮೇಲೆ ಬೀಳುತ್ತದೆ ಎಂಬುದು ಇರುವುದಿಲ್ಲ. ಬೇಕರ್ ತೋರಿಸಿದ್ದು ಸೇತುವೆಯ ಅಂದವನ್ನಲ್ಲ, ಜನರಿಗೆ ಸಂಶಯವಿದ್ದ ಭಾಗವನ್ನೇ.

ಅಂದಹಾಗೆ, ನಡುವೆ ಕುಳಿತಿದ್ದವನು ಕೈಚಿ ವಾತನಾಬೆ ಎಂಬ ಜಪಾನೀ ಎಂಜಿನಿಯರ್. ಗ್ಲಾಸ್ಗೋದಲ್ಲಿ ಓದಿ ಅದೇ ಸೇತುವೆಯ ಕೆಲಸದಲ್ಲಿದ್ದ. ಕ್ಯಾಂಟಿಲಿವರ್ ತತ್ವವನ್ನು ಪೂರ್ವದೇಶಗಳ ಜನ ಮರದ ಸೇತುವೆಗಳಲ್ಲಿ ಬಹು ಹಿಂದೆಯೇ ಬಳಸಿದ್ದರು. ನಮ್ಮ ಹಿಮಾಲಯದ ಕಣಿವೆಗಳಲ್ಲೂ ಅಂಥವು ಇದ್ದವು.

1890ರ ಮಾರ್ಚ್ 4ರಂದು ಫೋರ್ತ್ ಸೇತುವೆ ಉದ್ಘಾಟನೆಯಾಯಿತು. ರೈಲುಗಳು ಇಂದಿಗೂ ಅದರ ಮೇಲೆ ಓಡುತ್ತಿವೆ. 2015ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮಾದರಿಯನ್ನು ಮನೆಯಲ್ಲೂ ಮಾಡಬಹುದು. ಕುರ್ಚಿಯಲ್ಲಿ ಅಪ್ಪ ಮತ್ತು ಚಿಕ್ಕಪ್ಪ, ನಡುವೆ ಮನೆಯ ಅತಿ ಹಗುರವಾದ ಮಗು, ಕೆಳಗೆ ದಪ್ಪ ಹಾಸಿಗೆ. ಹೊರಗಿನ ಕೈಗಳಿಗೆ ಇಟ್ಟಿಗೆಯ ಬದಲು ನೀರು ತುಂಬಿದ ಬಕೆಟ್ ಆದೀತು. ಮಗುವನ್ನು ಇಳಿಸಿದ ಮೇಲೆ, ಒಳಗಿನ ಕೈಗಳಿಗೆ ಸಣ್ಣ ಚೀಲವೊಂದನ್ನು ತೂಗುಬಿಟ್ಟು ಹೊರಗಿನ ಬಕೆಟ್ಟಿನ ನೀರನ್ನು ಚೊಂಬಿನಿಂದ ತೆಗೆಯುತ್ತಾ ಹೋಗಿ. ಯಾವ ಚೊಂಬಿಗೆ ಅಪ್ಪ ಒಳಕ್ಕೆ ವಾಲುತ್ತಾರೆ ಎಂದು ಎಣಿಸಿ.